ಬಂದಿನಿಯರ ಕ್ರೋಧವನ್ನು ಕುರಿತು

ಪನಮರಂ ಕೋಟೆಯಲ್ಲಿದ್ದ ಕುಂಪಣಿಯ ದಂಡಿನ ಮೇಲೆ 1802ರ ಅಕ್ಟೋಬರಿನಲ್ಲಿ ಎಡಚ್ಚೆನ ಕುಂಗನ್ ಹಾಗೂ ಕುರಿಚ್ಯರ ನಾಯಕ ತಲಕ್ಕಲ್ ಚಂದು ಎರಗಿದುದನ್ನು ವಯನಾಡಿನವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವರು. ಗಂಡಸಿನ ಆಕ್ರಮಣ ಹೀಗೆ ವೀರಗಾಥೆಯಾಗಬಲ್ಲದು, ಆದರೆ ಹೆಂಗಸಿನ ಕೈ ಮೇಲೆದ್ದಿತೆಂದರೆ ಪಂಡಿತರಾದಿಯಾಗಿ ಎಲ್ಲರೂ ಅವಳ ಹುಟ್ಟುಗುಣವನ್ನು ಕೆದಕಹೊರಡುವರು. ಬಂದಿನಿಯರ ಮನೋಧರ್ಮವನ್ನು ಕುರಿತ ಶಾಸ್ತ್ರವು ಬೆಳೆದದ್ದೇ ಈ ಪಕ್ಷಪಾತದ ನೆರಳಿನಲ್ಲಿ. 1893ರಲ್ಲಿ ಇಟಲಿಯ ಲೊಂಬ್ರೋಸೊ, ಫೆರೆರೊನೊಡನೆ ಪ್ರಕಟಿಸಿದ ಗ್ರಂಥದಲ್ಲಿ, ಅಪರಾಧಿ ಸ್ತ್ರೀಯರ ತಲೆಬುರುಡೆಗಳನ್ನು ಅಳೆದು, ಅಂಥವಳು ಸ್ತ್ರೀತ್ವದಿಂದಲೇ ಚ್ಯುತಳಾದವಳೆಂಬ ನಿರ್ಣಯಕ್ಕೆ ಬಂದನು.

ಆಶಾಭಂಗದಿಂದ ಆಕ್ರಮಣ ಹುಟ್ಟುವುದೆಂದು 1939ರಲ್ಲಿ ಯೇಲ್‌ನ ಡೊಲಾರ್ಡ್ ಮೊದಲಾದವರು ವಾದಿಸಿದುದು ಒಂದು ಮೆಟ್ಟಿಲು. ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು, 1966ರಲ್ಲಿ ರೋಸ್ ಜಿಯಲೊಂಬಾರ್ಡೊ ಅಮೆರಿಕದ ಆಲ್ಡರ್ಸನ್ ಮಹಿಳಾ ಕಾರಾಗೃಹವನ್ನು ಕುರಿತು ಬರೆದ ಗ್ರಂಥ. ಮನೆಯಿಂದ ಕಿತ್ತು ತಂದ ಹೆಂಗಸರು ಗೋಡೆಯೊಳಗೆ ತಾಯಿ, ಮಗಳು, ಅಕ್ಕ, ತಂಗಿ, ಅಷ್ಟೇಕೆ, ಗಂಡ ಹೆಂಡಿರೆಂಬ ನಂಟನ್ನೂ ಕಲ್ಪಿಸಿಕೊಂಡು ಸಂಸಾರ ಹೂಡುವರೆಂದು ಆಕೆ ತೋರಿಸಿದಳು. ಅಂಥ ಸಂಸಾರದಲ್ಲಿ ಜಗಳವೂ ನಂಟಿನ ಜಗಳವೇ ಆಗುವುದು ಸಹಜ. ನಮ್ಮ ಕಡೆಯಲ್ಲಾದರೋ ಅಕ್ಕ ಎಂದೋ ಚೇಚಿ ಎಂದೋ ಕರೆದಾಗಲೇ ಆ ನಂಟು ಅರ್ಧ ಕೂಡಿಬಂದಿರುವುದು, ಮುನಿಸಿಗೂ ಆಗಲೇ ಅಧಿಕಾರ ದೊರೆತಿರುವುದು.

ಜಿಯಲೊಂಬಾರ್ಡೊಳ ಗ್ರಂಥ ಬಂದ ಎರಡೇ ವರ್ಷಕ್ಕೆ, 1968ರ ನವೆಂಬರಿನಲ್ಲಿ, ಇದೇ ವಯನಾಡಿನ ಪುಲ್ಪಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ನಡೆಸಿದ ದಾಳಿಯಲ್ಲಿ ಪಾಲ್ಗೊಂಡ ಕೆ. ಅಜಿತಾ, 18ರ ಹರೆಯದಲ್ಲಿಯೇ ಸೆರೆಯಾದರು. ತಾರುಣ್ಯದ ವರ್ಷಗಳನ್ನು ಕಾರಾಗೃಹದಲ್ಲಿ ಕಳೆದು 1977ರಲ್ಲಿ ಹೊರಬಂದ ಆಕೆ, 1993ರಲ್ಲಿ ಕೋಳಿಕ್ಕೋಡಿನಲ್ಲಿ ‘ಅನ್ವೇಷಿ’ ಎಂಬ ಮಹಿಳಾ ಸಂಸ್ಥೆಯನ್ನು ಕಟ್ಟಿದರು. ಲೊಂಬ್ರೋಸೊ ತನ್ನ ಅಳತೆಯ ದಾರವನ್ನು ಇಂಥವರ ತಲೆಗೆ ಸುತ್ತಿದ್ದರೆ ಏನು ಕಂಡುಕೊಳ್ಳುತ್ತಿದ್ದನೋ!

ನಮ್ಮ ದೇಶದಲ್ಲಿ 1894ರ ಕಾರಾಗೃಹ ಕಾಯಿದೆಯು ಹೆಂಗಸರನ್ನು ಗಂಡಸರ ಕಣ್ಣಿಗೆ ಬೀಳದಂತೆ ಪ್ರತ್ಯೇಕವಾಗಿರಿಸಲು ವಿಧಿಸಿತ್ತು; ಅವರ ಸ್ಥಿತಿಗತಿಯನ್ನೇ ಕುರಿತ ರಾಷ್ಟ್ರೀಯ ಸಮಿತಿಯ ವರದಿ ಬರಲು 1987 ಬೇಕಾಯಿತು. ಅದರ ಅಧ್ಯಕ್ಷರು, 1957ರ ಕೇರಳ ಮಂತ್ರಿಮಂಡಲದಲ್ಲಿ ಸೆರೆಮನೆಗಳ ಹೊಣೆಯನ್ನೂ ಹೊತ್ತಿದ್ದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಆಮೇಲೆ ಅಳತೆಗೋಲುಗಳಿಗೇನೂ ಕೊರತೆಯಾಗಲಿಲ್ಲ: 1992ರಲ್ಲಿ ಬಸ್ ಮತ್ತು ಪೆರಿ ರಚಿಸಿದ ಪ್ರಶ್ನಾವಳಿಯು ಕೈಯ ಹೊಡೆತ, ಮಾತಿನ ಹೊಡೆತ, ಕೋಪ, ಹಗೆತನಗಳನ್ನು 29 ಹೇಳಿಕೆಗಳಿಂದ ತೂಗುವುದು, ನಿನ್ನನ್ನು ನೋಡಲು ಕಡೆಯ ಸಲ ಯಾರು ಬಂದಿದ್ದರೆಂಬುದು ಅದರಲ್ಲಿಲ್ಲ.

ವಿಶ್ವಸಂಸ್ಥೆ 2010ರಲ್ಲಿ ಅಂಗೀಕರಿಸಿದ ಬ್ಯಾಂಕಾಕ್ ನಿಯಮಾವಳಿ, ಬಂದಿನಿಯನ್ನು ಸಾಧ್ಯವಾದಷ್ಟು ಮನೆಗೆ ಹತ್ತಿರವಿರಿಸಬೇಕೆಂದಿತು. ಕೇರಳದ ಮಹಿಳಾ ಕಾರಾಗೃಹಗಳಾದ ತಿರುವನಂತಪುರ, ವಿಯ್ಯೂರು, ಕಣ್ಣೂರುಗಳಲ್ಲಿ ಪನಮರಂಗೆ ಸಮೀಪವಾದದ್ದು ಕಣ್ಣೂರು. ಅಲ್ಲಿರುವ ಮಗಳನ್ನು ನೋಡಹೊರಟ ತೋಟದಲ್ಲಿ ಕೂಲಿ ಮಾಡುವ ತಾಯಿ, ಮಾನಂತವಾಡಿಯಲ್ಲಿ ಬಸ್ಸು ಬದಲಿಸಿ, ಪೇರಿಯ ಘಟ್ಟದ ತಿರುವುಗಳನ್ನಿಳಿದು, ನೆಡುಂಪೊಯಿಲ್ ದಾಟಿ ಕಣ್ಣೂರು ಸೇರುವಷ್ಟರಲ್ಲಿ ಹೊತ್ತು ನೆತ್ತಿಗೇರಿರುವುದು. ಕಾಫಿ ಕೊಯ್ಲಿನ ಕಾಲವಾದರೆ ಅಂದಿನ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಕೆಲವೇ ನಿಮಿಷ ಮಾತನಾಡಿ, ಕೊಯ್ಲು ಮುಗಿಯುವವರೆಗೆ ಮತ್ತೆ ಬರಲಾರೆನೆಂದು ಹೇಳಿ, ಘಟ್ಟ ಹತ್ತುವ ಬಸ್ಸು ತಪ್ಪೀತೆಂದು ಅವಳು ಎದ್ದುಬಿಡಬೇಕು.