ಮೂಲಬಂಧದಿಂದ ಪ್ರಸೂತಿಶಾಸ್ತ್ರಕ್ಕೆ

ಮುಂಬಯಿಯಲ್ಲಿ ಬಾಂದ್ರಾದಿಂದ ಉತ್ತರಕ್ಕೆ ಎರಡನೆಯ ರೈಲುನಿಲ್ದಾಣವಾದ ಸಾಂತಾಕ್ರೂಜಿನಲ್ಲಿ, 1918ರಲ್ಲಿ ವರ್ಸೋವಾದ ಕಡಲತಡಿಯಲ್ಲಿ ಶ್ರೀ ಯೋಗೇಂದ್ರರು ಸ್ಥಾಪಿಸಿದ ಯೋಗಸಂಸ್ಥೆಯು 1948ರಲ್ಲಿ ಬಂದು ನೆಲೆಸಿತು. ಯೋಗವೆಂದರೆ ಸಂನ್ಯಾಸಿಗಳ ಸೊತ್ತೆಂದು ಜನರು ಭಾವಿಸಿದ್ದ ಕಾಲದಲ್ಲಿ, ಯೋಗೇಂದ್ರರ ಪತ್ನಿ ಸೀತಾದೇವಿಯವರು ಸ್ತ್ರೀಯರ ಯೋಗವ್ಯಾಯಾಮವನ್ನು ಕುರಿತು 1934ರಲ್ಲಿಯೇ ಗ್ರಂಥವೊಂದನ್ನು ಪ್ರಕಟಿಸಿದ್ದರು. ಹಿಮ್ಮಡಿಯಿಂದ ಯೋನಿಸ್ಥಾನವನ್ನೊತ್ತಿ, ಗುದವನ್ನು ಸಂಕೋಚಿಸಿ, ಅಪಾನವಾಯುವನ್ನು ಮೇಲಕ್ಕೆಳೆಯುವ ಮೂಲಬಂಧವನ್ನು ಹಠಯೋಗಪ್ರದೀಪಿಕೆಯು ಹದಿನೈದನೆಯ ಶತಮಾನದಲ್ಲಿ ವಿವರಿಸಿತ್ತಾದರೂ, ಅದರ ಲಕ್ಷ್ಯ ಯೋಗಸಿದ್ಧಿಯೇ ಹೊರತು ಬಾಣಂತಿಯ ಕ್ಷೇಮವಲ್ಲ. ಹೆರಿಗೆಯಿಂದ ಸಡಿಲಗೊಂಡ ಶ್ರೋಣಿತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು, ಬಿಗಿತವನ್ನಳೆಯುವ ಉಪಕರಣಸಮೇತವಾಗಿ, ಅಮೆರಿಕೆಯ ವೈದ್ಯ ಆರ್ನಾಲ್ಡ್ ಕೆಗೆಲ್ ನಿರೂಪಿಸಿದ್ದೂ, ಕಾಕತಾಳೀಯವೆನ್ನೋಣ, 1948ರಲ್ಲಿಯೇ. ಮೂಲಬಂಧವೂ ಕೆಗೆಲ್ಲನ ಅಭ್ಯಾಸವೂ ಒಂದೇ ಎಂಬುದು ಅವಸರದ ಮಾತು. ಮೂತ್ರವನ್ನು ತಡೆಹಿಡಿಯಲಾರದ ಸ್ತ್ರೀಯರಿಗಾಗಿ ಹುಟ್ಟಿದ ಆ ಚಿಕಿತ್ಸೆಯು ದಾಂಪತ್ಯಸುಖಕ್ಕೂ ಸಹಕಾರಿಯೆಂದು ಕೆಗೆಲ್ 1952ರಲ್ಲಿ ಬರೆದನು.