ಹೊಯ್ಸಳರ ಶಿಲ್ಪಿಕೂಟಗಳು

ಬೇಲೂರಿನ ದೇವಾಲಯವನ್ನು ಕಟ್ಟಿದವರಾರೆಂದು ಕೇಳಿದರೆ ಜನರು ಒಡನೆಯೇ ಜಕಣಾಚಾರಿಯ ಹೆಸರನ್ನು ಹೇಳುವರು. ಆ ಕಥೆ ರಮ್ಯವಾದುದೇ ಸರಿ. ಆದರೆ ಅಲ್ಲಿಯ ಕಲ್ಲುಗಳು ಹೇಳುವ ಹೆಸರುಗಳು ಬೇರೆ.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗನಾದ ಚಾವಣನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೊರೆದಿರುವರು. ತಂದೆಯಿಂದ ಮಗನಿಗೆ ವಿದ್ಯೆಯನ್ನು ಸಾಗಿಸುತ್ತ, ಊರಿಂದೂರಿಗೆ ಹೋಗಿ ಕೆಲಸ ವಹಿಸಿಕೊಳ್ಳುತ್ತಿದ್ದ ಇಂತಹ ಕೂಟಗಳೇ ಅಂದಿನ ವಾಸ್ತುಸಂಸ್ಥೆಗಳು. ನುಗ್ಗೇಹಳ್ಳಿಯ 1246ರ ದೇವಾಲಯದಲ್ಲಿ ದಕ್ಷಿಣದ ಗೋಡೆಯ ಶಿಲ್ಪಗಳು ನಂದಿಯ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಮಲ್ಲಿತಮ್ಮನೆಂಬ ಹೆಸರು 1196ರ ಅಮೃತಾಪುರದಲ್ಲಿಯೂ 1258ರ ಸೋಮನಾಥಪುರದಲ್ಲಿಯೂ ದೊರೆಯುವುದು.

ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ತಗಲಿದಂತೆ ಗಡುಸಾಗುವ ಬಳಪದ ಕಲ್ಲು ಇವರ ಉಳಿಗೆ ಒದಗಿತು. ಹೆಮ್ಮಾಡಿ, ಕುಂದಾಪುರಗಳ ಕಡೆಯ ಮುರಕಲ್ಲಾದರೋ ಗೋಡೆಗೆ ಒಳ್ಳೆಯದು. ಅಷ್ಟು ಸೂಕ್ಷ್ಮವಾದ ಕೆತ್ತನೆಯನ್ನು ಅದು ತಾಳದು.

ವಂಶಪರಂಪರೆಯ ಇಂತಹ ಸಂಸ್ಥೆಗಳು ಅನ್ಯದೇಶಗಳಲ್ಲಿಯೂ ಇದ್ದುವು. 578ರಲ್ಲಿ ಮೊದಲಾಯಿತೆಂದು ಹೇಳುವ ಜಪಾನಿನ ದೇವಾಲಯನಿರ್ಮಾಪಕ ಸಂಸ್ಥೆ ಕೊಂಗೊ ಗುಮಿಯು 2006ರಲ್ಲಿ ಸಾಲದ ಹೊರೆಯಿಂದ ಬೇರೊಂದು ಸಂಸ್ಥೆಯ ಅಧೀನವಾಗುವವರೆಗೂ ಸ್ವತಂತ್ರವಾಗಿ ಬಾಳಿತು. ನಮ್ಮ ಶಿಲ್ಪಿಗಳ ಕೂಟಗಳಾದರೋ ಹೊಯ್ಸಳರಾಜ್ಯದೊಡನೆ ಆಶ್ರಯವನ್ನು ಕಳೆದುಕೊಂಡುವು. ಉಳಿದುವು ಹೆಸರುಗಳು ಮಾತ್ರ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅನೇಕರ ದುಡಿಮೆಯ ಕೀರ್ತಿಯನ್ನು ಕಥೆಯ ಒಬ್ಬನಿಗೆ ಒಪ್ಪಿಸದೆ, ಕಲ್ಲಿನ ಮೇಲಿನ ಆ ಹೆಸರುಗಳನ್ನು ಓದಿ ಮಕ್ಕಳಿಗೆ ಹೇಳುವುದೇ ಶಿಲ್ಪಿಗಳ ಋಣವನ್ನು ತೀರಿಸುವ ದಾರಿ.