ಬಿಯರಿನ ಚೀಟಿ, ಈಚಲ ಕಚ್ಚು

ಬೆಂಗಳೂರಿನ ನನ್ನ ಮಿತ್ರರೊಬ್ಬರಿಗೆ ವಿಚಿತ್ರವಾದ ಹವ್ಯಾಸವೊಂದುಂಟು. ಹಳೆಯ ಬಿಯರ್ ಕಾರ್ಖಾನೆಗಳ ಜಾಹೀರಾತುಗಳನ್ನು ಅವರು ಕೂಡಿಹಾಕುತ್ತಾರೆ. ಸೀಸೆಯ ಬಣ್ಣದ ಚೀಟಿಗಳು, ಅಂಗಡಿಯ ಮುಂದೆ ತೂಗುತ್ತಿದ್ದ ಎನಾಮಲ್ ತಗಡುಗಳು ಅವರ ಬೀರುವಿನ ತುಂಬ ಇವೆ. ಅವರು ಒಂದು ತೊಟ್ಟನ್ನೂ ಕುಡಿದವರಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಲೇಸು.

ಆ ಚೀಟಿಗಳ ಹಿಂದೆ ಚರಿತ್ರೆಯಿದೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದನು. ಅವುಗಳಲ್ಲಿ ಹಿರಿಯದು 1857ರ ಕ್ಯಾಸಲ್ ಬ್ರೂವರಿ. ದಂಡಿನ ಗೋರಾ ಸಿಪಾಯಿಗಳಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಿಯರ್ ಹೋಗುತ್ತಿತ್ತು. ಬೆಂಗಳೂರಿನ ಕಾರ್ಖಾನೆಯ ನೆಲದಲ್ಲಿ ಈಗ ಯು.ಬಿ. ಸಿಟಿ ಎದ್ದಿದೆ. ಕಟ್ಟಡ ಹೋಯಿತು, ಚೀಟಿ ಉಳಿಯಿತು.

“ನಿಮ್ಮ ನಿಡುಗಲ್ ಸೀಮೆಯದೂ ಒಂದು ಸಿಕ್ಕೀತೆ, ಪಂಡಿತರೆ?” ಎಂದು ಮಿತ್ರರು ಕೇಳಿದರು.

ಎಲ್ಲಿಂದ ತರಲಿ? ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆಗಳ ಹಳ್ಳಿಗರು ಕಂಡದ್ದು ಈಚಲ ಹೆಂಡ. ಕಳ್ ಎಂಬುದು ಹಳಗನ್ನಡದಷ್ಟೇ ಹಳೆಯ ಮಾತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೇ ಇದ್ದನು. ಆದರೆ ಮಡಕೆಗೆ ಯಾರು ಚೀಟಿ ಅಂಟಿಸಿದರು?

ಹೆಂಡದ ಗುತ್ತಿಗೆಯಿಂದ ಸರ್ಕಾರದ ಬೊಕ್ಕಸ ತುಂಬುತ್ತಿತ್ತು. ಆದುದರಿಂದಲೇ 1939ರಲ್ಲಿ ನೆರೆಯ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನೇ ಕಡಿದುರುಳಿಸಿದರು. ಕಡಿದವರ ಧೈರ್ಯವನ್ನು ಪುಸ್ತಕಗಳು ಕೊಂಡಾಡುತ್ತವೆ, ಅದು ಸರಿಯೇ. ಮರ ನಂಬಿದ್ದವರ ಹೊಟ್ಟೆಯ ಮಾತನ್ನು ಅಷ್ಟಾಗಿ ಆಡುವುದಿಲ್ಲ. 2004ರಲ್ಲಿ ನಮ್ಮ ಕಡೆ ಹೆಂಡ ಇಳಿಸುವುದೇ ನಿಷಿದ್ಧವಾಯಿತು.

ಕಳೆದ ಬೇಸಗೆಯಲ್ಲಿ ನಿಡುಗಲ್ ಬೆಟ್ಟದ ತಪ್ಪಲಿನ ಹಳ್ಳದ ಬದಿಯಲ್ಲಿ ಹೋಗುತ್ತಿದ್ದೆ. ಹಿಂದೆ ಹೆಂಡ ಇಳಿಸುತ್ತಿದ್ದ ಮುದುಕರೊಬ್ಬರು ಜೊತೆಗಿದ್ದರು. ಮುಂದೆ ಒಂದು ಈಚಲ ಮರ; ಅದರ ಮೈಯೆಲ್ಲ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕಚ್ಚು ಬಿದ್ದು ಡೊಂಕುಡೊಂಕಾಗಿತ್ತು.

“ಇದೇನಜ್ಜ, ಹೀಗೆ?” ಎಂದೆ.

ಅವರು ವಿವರಿಸಿದರು. ಸುಳಿಯ ಕೆಳಗೆ ಒಂದು ಮಗ್ಗುಲನ್ನು ಕೆತ್ತಿ ಸಂಜೆ ಮಡಕೆ ಕಟ್ಟುವುದು. ರಾತ್ರಿಯೆಲ್ಲ ತೊಟ್ಟಿಕ್ಕಿದ್ದು ಬೆಳಕು ಹರಿಯುವ ಮುನ್ನ ಸಿಹಿಯಾದ ನೀರಾ. ಬಿಸಿಲೇರಿದರೆ ಹುಳಿತು ಹೆಂಡ. ಒಂದು ವರ್ಷ ಈ ಮಗ್ಗುಲಾದರೆ ಮರುವರ್ಷ ಎದುರು ಮಗ್ಗುಲು. ಹೀಗಾಗಿ ಒಂದು ಕಚ್ಚೆಂದರೆ ಒಂದು ವರ್ಷ.

ಶಾಸನ ಓದುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಕೆಳಗಿನಿಂದ ಎಣಿಸಲು ತೊಡಗಿದೆ. ಹದಿನಾಲ್ಕಾದವು. ಅದರಾಚೆ ಮರ ನುಣ್ಣಗೆ, ನೆಟ್ಟಗೆ ಬೆಳೆದಿತ್ತು.

ಮುದುಕರು ಕೋಲೆತ್ತಿ ಮೇಲಿನ ಕಚ್ಚನ್ನು ತೋರಿಸಿದರು. “ಅದು ನಂದೇ ಕಣ್ರೀ ಮೇಷ್ಟ್ರೆ. ಅದೇ ಕಡೇದು.”